ಟೆಕ್ಕೆನ್ 7 ಆಡಿದವರಿಗೆ ಟೆಕ್ಕೆನ್ 8 ಹಿಡಿಸುತ್ತಾ?

ಚಿರತೆ_ಮುಖವಾಡ:
ಎಲ್ಲರಿಗೂ ನಮಸ್ಕಾರ. ಟೆಕ್ಕೆನ್ ಅನ್ನೋ ಫೈಟಿಂಗ್ ಗೇಮನ್ನು ಟೆಕ್ಕೆನ್ 3 ಕಾಲದಿಂದ ಆಡುತ್ತಾ ಬಂದವನು ನಾನು. ಪಿಎಸ್4ನಲ್ಲಿ 7 ತುಂಬಾ ಆಡಿದ್ದೇನೆ, ಕಿಂಗ್ ನನ್ನ ಮೇನ್, ಅಂದರೆ ನಾನು ಹೆಚ್ಚಾಗಿ ಆಡುವ ಕ್ಯಾರೆಕ್ಟರ್. ಈಗ ಮನೆಗೆ ಪಿಎಸ್5 ಬಂದಿದೆ, 8 ತಗೊಳ್ಳಬೇಕು ಅಂತ ಆಸೆ. ಆದರೆ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಸ್ವಲ್ಪ ಹಿಂದೆ ಸರಿದು ಕಾಯೋದು, ಎದುರಾಳಿಯ ಏಟು ತಪ್ಪಿದ ತಕ್ಷಣ ಹೊಡೆಯೋದು, ಇದು ನನ್ನ ಆಟ. ಆ ಆಟಕ್ಕೆ 8ರಲ್ಲಿ ಜಾಗ ಇದೆಯಾ? ಈ ಹೀಟ್ ಅನ್ನೋದು ನಿಜವಾಗಿ ಏನು ಮಾಡುತ್ತೆ? ಮನೆಯಲ್ಲಿ ತಮ್ಮನೂ ಆಡುತ್ತಾನೆ, ಅವನು ಇನ್ನೂ ಹೊಸಬ. ಆಡಿದವರು ಬಿಡಿಸಿ ಹೇಳಿ.

ಹತ್ತು_ಫ್ರೇಮ್:
ನಿಮ್ಮ ಆಟದ ರೀತಿ ಓದಿದರೆ ನೇರವಾಗಿ ಹೇಳಬೇಕು ಅನಿಸುತ್ತೆ, 8 ನಿಮ್ಮನ್ನು ಕಾಯೋಕೆ ಬಿಡೋದಿಲ್ಲ. ಪ್ರತಿ ರೌಂಡಿನಲ್ಲಿ ಇಬ್ಬರಿಗೂ ಒಂದೊಂದು ಸಲ ಹೀಟ್, ಅಂದರೆ ಸ್ವಲ್ಪ ಹೊತ್ತು ಏಟುಗಳಿಗೆ ಹೆಚ್ಚು ಬಲ ಬರುವ ಸ್ಥಿತಿ ಸಿಗುತ್ತೆ. ಎದುರಾಳಿಯದು ಶುರುವಾದ ಮೇಲೆ ಕೆಲವು ಸೆಕೆಂಡು ನೀವು ಬ್ಲಾಕ್ ಮಾಡಿದರೂ ಚಿಪ್ ಡ್ಯಾಮೇಜ್ ಆಗುತ್ತೆ, ಅಂದರೆ ಸ್ವಲ್ಪ ಲೈಫ್ ಹೋಗುತ್ತೆ. ಹಾಗೆ ಹೋದ ಲೈಫನ್ನು ವಾಪಸ್ ಪಡೆಯಬಹುದು, ಆದರೆ ಅದಕ್ಕೆ ನೀವೇ ಮುಂದೆ ಹೋಗಿ ಹೊಡೆಯಬೇಕು. ಸುಮ್ನೆ ಕೂತವನಿಗೆ ಏನೂ ಸಿಗೋದಿಲ್ಲ.

ಇನ್ನು ಹೀಟ್ ಡ್ಯಾಶ್. ಇದನ್ನು ಸ್ವಲ್ಪ ಗಮನಿಸಿ. ಏಟನ್ನು ನೀವು ಸರಿಯಾಗಿ ಬ್ಲಾಕ್ ಮಾಡಿದ್ದೀರಿ, ಆದರೂ ಎದುರಾಳಿ ಉಳಿದ ಹೀಟನ್ನೆಲ್ಲ ಸುರಿದು ಡ್ಯಾಶ್ ಮಾಡಿ ನಿಮ್ಮ ಮುಂದೆ ನಿಲ್ಲುತ್ತಾನೆ, ಅದೂ ಪ್ಲಸ್ 5 ಫ್ರೇಮಿನಲ್ಲಿ, ಅಂದರೆ ನಿಮಗಿಂತ 5 ಫ್ರೇಮ್ ಮೊದಲೇ ಅವನು ಮುಂದಿನ ಏಟು ಶುರು ಮಾಡಬಹುದು (ಒಂದು ಫ್ರೇಮ್ ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗ). ನಿಮ್ಮ ಅತ್ಯಂತ ವೇಗದ ಏಟು ಜ್ಯಾಬ್ (ನೇರ ಗುದ್ದು), ಅದು ತಾಗೋಕೆ 10 ಫ್ರೇಮ್ ಬೇಕು. ಅಂದರೆ ಅವನು 14 ಫ್ರೇಮಿನ ಏಟು ಹೊಡೆದರೂ ನಿಮ್ಮ ಜ್ಯಾಬ್‌ಗಿಂತ ಮೊದಲು ತಾಗುತ್ತೆ. ಹಾಗಾಗಿ ಬಟನ್ ಒತ್ತೋಕೆ ಧೈರ್ಯ ಬರೋದಿಲ್ಲ, ಮತ್ತೆ ಬ್ಲಾಕ್ ಮಾಡುತ್ತೀರಿ, ಆಗ ಮಿಡ್ (ನಡುಮಟ್ಟದ ಏಟು) ಬರುತ್ತಾ ಲೋ (ಕಾಲಿನ ಕಡೆಯ ಏಟು) ಬರುತ್ತಾ ಊಹಿಸಬೇಕು. 7ರಲ್ಲಿ ಚೆನ್ನಾಗಿ ಬ್ಲಾಕ್ ಮಾಡಿದರೆ ಸರದಿ ನಿಮ್ಮದಾಗುತ್ತಿತ್ತು. ಇಲ್ಲಿ ಎಷ್ಟೋ ಸಲ ಆಗೋದಿಲ್ಲ. ನನಗೆ ಬೇಜಾರಾಗೋದು ಇದೊಂದೇ ವಿಷಯಕ್ಕೆ, ಆದರೆ ಇದೇ ಆಟದ ಜೀವ ಅಲ್ವಾ?

ಹಾಗಂತ ಕಾಲು ಕುದುರಿದರೆ, ಅಂದರೆ ಸೈಡ್‌ಸ್ಟೆಪ್ ಬ್ಯಾಕ್‌ಡ್ಯಾಶ್ (ಪಕ್ಕಕ್ಕೆ, ಹಿಂದಕ್ಕೆ ಸರಿಯೋದು) ಚೆನ್ನಾಗಿದ್ದರೆ, ಹೀಟ್ ಇಲ್ಲದ ಹೊತ್ತಿನಲ್ಲಿ ಇನ್ನೂ ಹಳೇ ಟೆಕ್ಕೆನ್ನೇ ಕಾಣುತ್ತೆ. ಆ ಹೊತ್ತು ಕಮ್ಮಿಯಾಗಿದೆ ಅಷ್ಟೇ.

ಕಲಿಯುವ_ಹುಡುಗಿ:
ತಮ್ಮನ ವಿಷಯಕ್ಕೆ ನಾನು ಹೇಳುತ್ತೇನೆ, ಯಾಕಂದರೆ ನಾನು ಟೆಕ್ಕೆನ್ ಶುರು ಮಾಡಿದ್ದೇ 8ರಿಂದ. ಹೊಸಬರಿಗೆ ಇಷ್ಟು ಕಲಿಸಿಕೊಡುವ ಫೈಟಿಂಗ್ ಗೇಮ್ ನಾನು ಬೇರೆ ನೋಡಿಲ್ಲ. ಸೋತ ಮ್ಯಾಚಿನ ರಿಪ್ಲೇ ಹಾಕಿದರೆ, ಇಲ್ಲಿ ಈ ಏಟಿನಿಂದ ಪನಿಶ್ ಮಾಡಬಹುದಿತ್ತು (ಎದುರಾಳಿ ಬಿಟ್ಟ ಸಂದಿನಲ್ಲಿ ತಿರುಗಿ ಹೊಡೆಯಬಹುದಿತ್ತು) ಅಂತ ಅದೇ ತೋರಿಸುತ್ತೆ. ಅಲ್ಲೇ ರಿಪ್ಲೇ ನಿಲ್ಲಿಸಿ ಕಂಟ್ರೋಲ್ ನಿಮ್ಮ ಕೈಗೆ ತಗೊಂಡು ಆ ಕ್ಷಣವನ್ನೇ ಮತ್ತೆ ಆಡಬಹುದು. ಡ್ರಾಗುನೊವ್ ಅನ್ನೋ ಕ್ಯಾರೆಕ್ಟರಿನ ಒಂದು ಸ್ಟ್ರಿಂಗಿಗೆ (ಸಾಲು ಏಟುಗಳಿಗೆ) ಪ್ರತಿ ಸಲ ಸಾಯುತ್ತಿದ್ದೆ, ಮಧ್ಯದಲ್ಲಿ ಕೂತು ತಪ್ಪಿಸಬಹುದು ಅಂತ ಗೊತ್ತಾಗಿದ್ದು ಹೀಗೆ.

ಸ್ಪೆಷಲ್ ಸ್ಟೈಲ್ ಅಂತ ಇದೆ, ಒಂದೇ ಬಟನ್‌ಗೆ ಕಾಂಬೊ (ಒಂದರ ಹಿಂದೊಂದು ಏಟು) ಬರುತ್ತೆ. ಮ್ಯಾಚ್ ನಡೆಯುವಾಗಲೇ ಅದನ್ನು ಆನ್ ಆಫ್ ಮಾಡಬಹುದು, ಹಾಗಾಗಿ ತಮ್ಮ ನಿಮ್ಮ ಜೊತೆ ಕೂತು ಆಡೋಕೆ ಇದು ಸಾಕು. ಚೆಂಡು ಹೊಡೆದು ಆಡುವ ಟೆಕ್ಕೆನ್ ಬಾಲ್ ಕೂಡ ವಾಪಸ್ ಬಂದಿದೆ. ನಿಮ್ಮ ಆಟ ನೋಡಿ ಕಲಿಯುವ ಗೋಸ್ಟ್ (ಕಂಪ್ಯೂಟರ್ ಎದುರಾಳಿ) ಒಂದಿದೆ, ಅದರ ಜೊತೆ ಆಡಿದರೆ ನಿಮ್ಮ ಕೆಟ್ಟ ಅಭ್ಯಾಸಗಳೆಲ್ಲ ಕಣ್ಣಿಗೆ ಹೊಡೆಯುತ್ತವೆ. ಫ್ರೇಮ್ ಡೇಟಾ (ಯಾವ ಏಟಿಗೆ ಎಷ್ಟು ಫ್ರೇಮ್ ಅನ್ನೋ ವಿವರ) ಕೂಡ ಪ್ರಾಕ್ಟೀಸ್ ಮೋಡಿನಲ್ಲೇ ಸಿಗುತ್ತೆ. 7ರಲ್ಲಿ ಅದಕ್ಕೆ ಬೇರೆ ದುಡ್ಡು ಕೊಡಬೇಕಿತ್ತಂತೆ.

ಎರಡು_ಕಿಕ್_ಬಟನ್:
ಆಟ ಚೆನ್ನಾಗಿದೆ, ವ್ಯಾಪಾರ ಚೆನ್ನಾಗಿಲ್ಲ. 2024ರ ಜನವರಿ 26ಕ್ಕೆ ಬಂದಾಗ 32 ಕ್ಯಾರೆಕ್ಟರ್ ಇದ್ದವು, ಅದು ಕಮ್ಮಿಯೇನಲ್ಲ. ಆದರೆ ತಿಂಗಳೊಪ್ಪತ್ತಿನಲ್ಲಿ ಟೆಕ್ಕೆನ್ ಶಾಪ್ ತೆರೆದರು. ಪೂರ್ತಿ ಬೆಲೆ ಕೊಟ್ಟು ತಗೊಂಡವರ ಮುಂದೆ ದುಡ್ಡು ಕೊಟ್ಟು ಕೊಳ್ಳುವ ಕಾಯಿನ್ ಲೆಕ್ಕದಲ್ಲಿ ಕ್ಯಾರೆಕ್ಟರ್‌ಗಳ ಬಟ್ಟೆ ಮಾರೋಕೆ ಇಟ್ಟರು. ಇದು ಮೊದಲೇ ಇದ್ದಿದ್ದರೆ ರಿವ್ಯೂಗಳಲ್ಲಿ ಬರುತ್ತಿತ್ತು, ಬಿಡುಗಡೆಯಾದ ಮೇಲೆ ತಂದರು ಅನ್ನೋದೇ ನನ್ನ ಸಿಟ್ಟು. ಆಮೇಲೆ ಹಳೇ ಕ್ಯಾರೆಕ್ಟರ್ ಎಡ್ಡಿ ಗೋರ್ಡೋ. ಟೆಕ್ಕೆನ್ 3ರಲ್ಲಿ ಎರಡು ಕಿಕ್ ಬಟನ್ ಒತ್ತಿಯೇ ಎಷ್ಟು ಜನರನ್ನು ಸೋಲಿಸಿಲ್ಲ ನಾವು! ಅವನು ಈಗ ಮೊದಲನೇ ಡಿಎಲ್‌ಸಿ (ಆಟ ಬಂದ ಮೇಲೆ ಸೇರಿಸಿದ ಭಾಗ), ಬೇರೆ ದುಡ್ಡು. ಹೈಹಾಚಿಯೂ ಹಾಗೇ ಬಂದ, 2024ರ ಅಕ್ಟೋಬರಿನಲ್ಲಿ. 7ರ ಕಥೆಯ ಕೊನೆಗೆ ಮಗ ಕಜುಯಾ ಅವನನ್ನು ಜ್ವಾಲಾಮುಖಿಗೆ ಎಸೆದಿದ್ದ, ಸತ್ತ ಅಂತಲೇ ಅಂದುಕೊಂಡಿದ್ದೆವು!

ತಗೊಳ್ಳೋದಾದರೆ ಸೇಲ್ ಬರೋವರೆಗೆ ಕಾಯಿರಿ.

ಚಿರತೆ_ಮುಖವಾಡ:
ಎಲ್ಲರಿಗೂ ಥ್ಯಾಂಕ್ಸ್. ಸೀಸನ್ 2 (ಎರಡನೇ ವರ್ಷದ ದೊಡ್ಡ ಅಪ್‌ಡೇಟ್) ಬಂದ ಮೇಲೆ ಆಟ ಹಾಳಾಯಿತು ಅಂತಾರಲ್ಲ, ಅದು ನಿಜವಾ? ಆನ್‌ಲೈನ್ ಹೇಗಿದೆ?

ಹತ್ತು_ಫ್ರೇಮ್:
ಹಾಳಾಯಿತು ಅನ್ನೋದು ದೊಡ್ಡ ಮಾತು, ಆದರೆ ಜನ ಸಿಟ್ಟಾಗಿದ್ದು ನ್ಯಾಯವಾಗಿಯೇ ಇತ್ತು. ಸೀಸನ್ 2ರಲ್ಲಿ ಡಿಫೆನ್ಸ್‌ಗೆ ಒತ್ತು ಕೊಡುತ್ತೇವೆ ಅಂತ ಆಟ ಮಾಡಿದವರು ಅಂದಿದ್ದರು. 2025ರ ಏಪ್ರಿಲ್‌ನಲ್ಲಿ ಬಂದಿದ್ದು ಅದರ ಉಲ್ಟಾ, ಸುಮಾರು ಎಲ್ಲರಿಗೂ ಹೊಸ ಏಟು, ಇನ್ನಷ್ಟು ಊಹೆಯ ಆಟ. ಸ್ಟೀಮ್‌ನಲ್ಲಿ ಕೆಟ್ಟ ರಿವ್ಯೂಗಳ ಮಳೆ ಸುರಿಯಿತು, ತಿಂಗಳು ಮುಗಿಯುವ ಮೊದಲೇ ತುರ್ತು ಪ್ಯಾಚ್ (ತಿದ್ದುಪಡಿ) ತರಬೇಕಾಯಿತು. ಅದರಿಂದ ಸ್ವಲ್ಪ ತಣ್ಣಗಾಯಿತು.

ಇನ್ನು ಆನ್‌ಲೈನ್‌ನಲ್ಲಿ 7ಕ್ಕೂ 8ಕ್ಕೂ ಹೋಲಿಕೆಯೇ ಇಲ್ಲ. ರೋಲ್‌ಬ್ಯಾಕ್ (ನೆಟ್ ತಡವಾದರೂ ಆಟ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ) ಎಷ್ಟೋ ಸುಧಾರಿಸಿದೆ, ಪಿಎಸ್5, ಎಕ್ಸ್‌ಬಾಕ್ಸ್, ಪಿಸಿ ಎಲ್ಲರೂ ಒಟ್ಟಿಗೆ ಆಡಬಹುದು. ವೈಫೈ ಬೇಡ, ಕೇಬಲ್ ಹಾಕಿಕೊಳ್ಳಿ.

ಲಾಹೋರ್_ಫ್ಯಾನ್:
ಬರೀ ಊಹೆಯ ಆಟ ಆಗಿದೆ ಅನ್ನೋದನ್ನು ನಾನು ಒಪ್ಪೋದಿಲ್ಲ. ಬರೀ ಅದೃಷ್ಟ ಆಗಿದ್ದರೆ 2024ರ ಎವೊ (ಫೈಟಿಂಗ್ ಗೇಮ್‌ಗಳ ದೊಡ್ಡ ಟೂರ್ನಮೆಂಟ್) ಗೆದ್ದ ಪಾಕಿಸ್ತಾನದ ಆಟಗಾರ ಅರ್ಸಲಾನ್ ಆಶ್ 2025ರಲ್ಲಿ ಮತ್ತೆ ಹೇಗೆ ಗೆಲ್ಲುತ್ತಿದ್ದ? 7ರಲ್ಲಿ ಗೆದ್ದವನೇ 8ರಲ್ಲೂ ಗೆಲ್ಲುತ್ತಿದ್ದಾನೆ. ಅವನ ಮ್ಯಾಚ್ ನೋಡಿ, ಎದುರಾಳಿಯ ಹೀಟ್ ಮುಗಿಯೋವರೆಗೂ ದೂರ ಉಳಿಯೋದು ಹೇಗೆ ಅಂತ ಗೊತ್ತಾಗುತ್ತೆ. ಕಾಯುವವನಿಗೂ ಜಾಗ ಇದೆ, ಆದರೆ ಎಲ್ಲಿ ಕಾಯಬೇಕು ಅಂತ ಹೊಸದಾಗಿ ಕಲಿಯಬೇಕು.

ಹತ್ತು_ಫ್ರೇಮ್:
ಅವನ ಮಟ್ಟದಲ್ಲಿ ಸರಿ ಗುರು. ನಮ್ಮ ನಿಮ್ಮ ರ್‍ಯಾಂಕಿನಲ್ಲಿ ಆ ಪ್ಲಸ್ 5 ತುಂಬಾ ದುಬಾರಿ. ಈ ಮಾತನ್ನು ನಾನು ಬಿಡೋದಿಲ್ಲ.

ಚಿರತೆಯವರೇ, ಪಿಎಸ್5ನಲ್ಲಿ ಉಚಿತ ಡೆಮೊ ಇದೆ, ಮೊದಲು ಅದನ್ನು ಹಾಕಿ. ಡೆಮೊದಲ್ಲಿ ಕಿಂಗ್ ಇಲ್ಲ, ಪಾಲ್ ಅಥವಾ ನೀನಾ ತಗೊಂಡು ತಮ್ಮನ ಎದುರು ಆಡಿ ನೋಡಿ. ಹೀಟ್ ಹಿಡಿಸಿದರೆ ಪೂರ್ತಿ ಆಟದಲ್ಲಿ ನಿಮ್ಮ ಕಿಂಗ್‌ಗೆ ಜಾಗ್ವಾರ್ ಸ್ಪ್ರಿಂಟ್ ಅಂತ ಹೊಸದೊಂದು ಓಟ ಸಿಕ್ಕಿದೆ. ಓಡಿ ಬಂದು ಹೊಡೆಯುತ್ತಾನಾ ಇಲ್ಲಾ ಹಿಡಿದು ಎಸೆಯುತ್ತಾನಾ ಅಂತ ಎದುರಿನವನಿಗೆ ತಿಳಿಯೋದಿಲ್ಲ, ಕಿಂಗ್ ಆಡುವವರೆಲ್ಲ ಖುಷಿಯಾಗಿದ್ದಾರೆ.