ಪುಟ್ಟಿ ಆಡಲಿ, ಆದರೆ ಉಂಗುರ ಬಿಚ್ಚಿಡಲಿ

ತಂಗಿ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ಓದಿದೆ. ಸ್ಯಾನ್ ಡಿಯಾಗೋದಲ್ಲಿ ಪುಟ್ಟಿ ಆಫೀಸಿನವರ ಜೊತೆ ಬೀಚ್ ವಾಲಿಬಾಲ್ ಲೀಗಿಗೆ ಸೇರುತ್ತಾಳಂತೆ, ಹುಡುಗರೂ ಹುಡುಗಿಯರೂ ಒಂದೇ ಟೀಮಂತೆ, ಶುಕ್ರವಾರದೊಳಗೆ ಹೆಸರು ಕೊಡಬೇಕಂತೆ. ಮದುವೆಗೆ ಮೂರು ತಿಂಗಳಿರುವಾಗ ಕೈಕಾಲು ಮುರಿದುಕೊಂಡರೆ ಏನು ಗತಿ ಅಂತ ಕೇಳಿದ್ದೀಯ. ನಿಯಮದ ಹಾಳೆಯ ಫೋಟೋನೂ ನೋಡಿದೆ. ನಾನು ಫೋನಿಗೆ ಮಾತಾಡುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತಿದೆ. ಉದ್ದ ಆಗುತ್ತದೆ, ಪೂರ್ತಿ ಓದಿ.

ಮೊದಲು ಒಂದು ಮಾತು. ಅವಳ ಕೈಯಲ್ಲಿರುವ ನಿಶ್ಚಿತಾರ್ಥದ ಉಂಗುರ ಬಿಚ್ಚಿಟ್ಟೇ ಆಡಬೇಕು. ಬಳೆ, ಕಿವಿಯ ಜುಮುಕಿ, ಕತ್ತಿನ ಸರ ಎಲ್ಲವನ್ನೂ ತೆಗೆದಿಡಬೇಕು. ಆದರೆ ಉಂಗುರ ಮೊದಲು. ಬೀಳುವುದಕ್ಕೆ ನೀನು ಹೆದರಬೇಡ. ದೊಡ್ಡ ಪಂದ್ಯಗಳ ಅಂಕಣದಲ್ಲಿ ಮರಳು ಕಡಿಮೆ ಅಂದರೂ 40 ಸೆಂಟಿಮೀಟರ್ ಆಳ ಇರಬೇಕು ಅಂತ ನಿಯಮ. ನಮ್ಮ ಕಣದ ಸಿಮೆಂಟಿನ ಹಾಗೆ ಮಂಡಿ ತರಚುವುದಿಲ್ಲ.

ನಮ್ಮ ಮೇಲಿನ ಕಣ ನಿಮಗೆಲ್ಲಾ ಗೊತ್ತಲ್ಲ. ಕಾಫಿ ಒಣಗಿಸಿ ಮೂಟೆ ಕಟ್ಟಿದ ಮೇಲೆ ಅಲ್ಲೇ ನೆಟ್ ಕಟ್ಟುತ್ತಿದ್ದರು. 1987ರ ಯುಗಾದಿ. ನನ್ನ ನಿಶ್ಚಿತಾರ್ಥ ಆಗಿ ತಿಂಗಳೂ ಆಗಿರಲಿಲ್ಲ. ಚಿಕ್ಕಮಗಳೂರಿನಿಂದ ತಂದ ಕೆಂಪು ಹರಳಿನ ಉಂಗುರ ಬೆರಳಲ್ಲಿತ್ತು. ನೆಟ್ಟಿನ ಮೇಲಿನ ಹಗ್ಗ ಹಳೆಯದಾಗಿ ಜೋಲು ಬಿದ್ದಿತ್ತು ಅಂತ ಸಣ್ಣಣ್ಣ ಬೈಂಡಿಂಗ್ ವೈರ್ ಸುತ್ತಿ ಬಿಗಿದಿದ್ದ. ಒಬ್ಬರು ಕಡಿಮೆ ಬಿದ್ದರು, ನನ್ನನ್ನು ಕರೆದರು. ದೊಡ್ಡಣ್ಣ ಸ್ಮ್ಯಾಶ್ ಹೊಡೆಯಲು ಎದ್ದ, ಅದನ್ನು ತಡೆಯಲು ನಾನು ಬ್ಲಾಕಿಗೆ ಎಗರಿದೆ. ಬಾಲ್ ಕೈಗೆ ತಾಗಿ ಅವನ ಕಡೆಗೇ ಬಿತ್ತು. ನನ್ನ ಕೈ ಕೆಳಗೆ ಬರುವಾಗ ಉಂಗುರದ ಹರಳಿನ ಕಟ್ಟು ಆ ವೈರಿಗೆ ಸಿಕ್ಕಿಕೊಂಡಿತು. ನಾನು ಕೆಳಗೆ ಬಂದೆ, ಬೆರಳು ಮಾತ್ರ ಮೇಲೇ ಉಳಿಯಿತು ಅನ್ನಿಸಿತು. ಇಡೀ ಮೈಭಾರ ಒಂದು ಬೆರಳಿನ ಮೇಲೆ ಬಿದ್ದರೆ ಚರ್ಮ, ನರ, ರಕ್ತನಾಳ ಎಲ್ಲಾ ಸುಲಿದುಕೊಂಡು ಬರುತ್ತದೆ. ಕೆಲವರಿಗೆ ಬೆರಳನ್ನೇ ತೆಗೆಯಬೇಕಾಗುತ್ತದೆ.

ಅವ್ವ ಸೆರಗು ಹರಿದು ಒದ್ದೆ ಮಾಡಿ ಸುತ್ತಿದಳು. ಜೀಪಿನಲ್ಲಿ ಚಿಕ್ಕಮಗಳೂರು ಸೇರುವ ತನಕ ಕೈ ಮೇಲಕ್ಕೆತ್ತಿ ಹಿಡಿದುಕೊಂಡಿದ್ದಳು. ಡಾಕ್ಟರು ಮೊದಲು ಉಂಗುರ ಕತ್ತರಿಸಿದರು, ಆಮೇಲೆ ಹೊಲಿಗೆ ಹಾಕಿದರು. ಬೆರಳು ಉಳಿಯಿತು. ಪೂರ್ತಿ ಮಡಚುವುದಿಲ್ಲ ಅಷ್ಟೇ. ನಾನು ಅಕ್ಕಿರೊಟ್ಟಿ ತಟ್ಟಿದಾಗ ನೋಡಿ, ಮೂರು ಬೆರಳಿನ ಗುರುತು ಮೂಡುತ್ತದೆ, ನಾಲ್ಕನೆಯದು ಮೂಡುವುದಿಲ್ಲ. ಮಕ್ಕಳು ಅದನ್ನು ನೋಡಿಯೇ ಇದು ದೊಡ್ಡಮ್ಮನ ರೊಟ್ಟಿ ಅಂತ ಗುರುತು ಹಿಡಿಯುತ್ತಾರೆ.

ಅದಕ್ಕೇ ಮತ್ತೆ ಹೇಳುತ್ತೇನೆ, ಉಂಗುರ ಬಿಚ್ಚಿಡಲಿ. ಟೇಪ್ ಸುತ್ತಿಕೊಂಡರೆ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬಾರದು. ಟೇಪಿನ ಒಳಗೆ ಲೋಹ ಹಾಗೇ ಇರುತ್ತದಲ್ವಾ? ಪೆಟ್ಟು ಮಾಡುವಂಥ ವಸ್ತು ಮೈಮೇಲೆ ಇರಬಾರದು ಅಂತ ಅಂತರರಾಷ್ಟ್ರೀಯ ನಿಯಮದಲ್ಲೇ ಇದೆ. ವಾರದ ಕೊನೆಗೆ ಆಡುವ ಲೀಗಿನಲ್ಲಿ ಅದನ್ನು ಯಾರು ನೋಡುತ್ತಾರೆ? ಅವಳೇ ನೋಡಿಕೊಳ್ಳಬೇಕು.

ಆದರೆ ಅವತ್ತು ನಮ್ಮ ಮನೆಯಲ್ಲಿ ಆದದ್ದು ಬೇರೆ. ಉಂಗುರದ ಮಾತು ಯಾರೂ ಎತ್ತಲಿಲ್ಲ. ಹುಡುಗಿಗೆ ಯಾಕೆ ಬೇಕಿತ್ತು ಈ ಆಟ ಅಂದರು. ಅಪ್ಪಾಜಿ ನಾನು ಕಣಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಆ ವೈರ್ ಸುತ್ತಿದ ಸಣ್ಣಣ್ಣ ಮಾರನೇ ಭಾನುವಾರವೇ ಆಡಿದ. ಅಣ್ಣಂದಿರು ಇಬ್ಬರೂ ಈ ಗ್ರೂಪಿನಲ್ಲೇ ಇದ್ದೀರಿ, ಓದಲಿ ಅಂತಲೇ ಹೇಳುತ್ತಿದ್ದೇನೆ. ಅದಕ್ಕೂ ಹಿಂದಿನ ವರ್ಷ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ವಾಲಿಬಾಲ್ ಟೀಮಿಗೆ ಕಂಚು ಬಂದಾಗ ನಿಮ್ಮಷ್ಟೇ ನಾನೂ ಕುಣಿದಿದ್ದೆ. ನಮ್ಮ ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ ಇಟಲಿಯಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಿಮ್ಮ ಜೊತೆ ನಾನೂ ಊಟ ಬಿಟ್ಟಿದ್ದೆ. ಹೊನಲು ಬೆಳಕಿನ ಪಂದ್ಯಾವಳಿ ಆದಾಗ ಮಾತ್ರ ನನಗೆ ಸಿಕ್ಕಿದ್ದು ಟೀ ಕಾಸುವ ಕೆಲಸ.

ಕಣದಲ್ಲಿ ಆಡಲು ಕರೆದಾಗಲೂ ಏನಾಗುತ್ತಿತ್ತು? ಮೂಲೆಯಲ್ಲಿ ನಿಲ್ಲಿಸುತ್ತಿದ್ದಿರಿ. ನನ್ನ ಕಡೆ ಬರುವ ಬಾಲನ್ನೂ ಬಿಡು ಬಿಡು ಅಂತ ಓಡಿ ಬಂದು ನೀವೇ ಎತ್ತುತ್ತಿದ್ದಿರಿ. ಒಂದೊಂದು ಗೇಮಿನಲ್ಲಿ ನಾಲ್ಕು ಸಲವೂ ಬಾಲ್ ಮುಟ್ಟಿದವಳಲ್ಲ ನಾನು. ಅದಕ್ಕೇ ಪುಟ್ಟಿಯ ಹಾಳೆಯಲ್ಲಿ ಒಂದು ಸಾಲು ಓದಿ ಕಣ್ಣು ತುಂಬಿ ಬಂತು. ಒಂದು ಕಡೆಯವರು ಬಾಲನ್ನು ಒಂದಕ್ಕಿಂತ ಜಾಸ್ತಿ ಸಲ ಮುಟ್ಟಿದರೆ, ಅದರಲ್ಲಿ ಒಂದು ಸಲವಾದರೂ ಹುಡುಗಿಯ ಕೈ ತಾಗಿರಬೇಕಂತೆ. ಇಲ್ಲದಿದ್ದರೆ ಪಾಯಿಂಟ್ ಹೋಯಿತು. ಇದು ಹುಡುಗಿಯರಿಗೆ ರಿಯಾಯಿತಿ ಕೊಟ್ಟ ಹಾಗೆ ಅಂತ ಪುಟ್ಟಿಗೆ ಸಿಟ್ಟಂತೆ. ನಾನು ಒಪ್ಪುವುದಿಲ್ಲ. ಆ ನಿಯಮ ಇದ್ದಿದ್ದರೆ ನಾನು ಲಿಫ್ಟರ್, ಅಂದರೆ ಸ್ಮ್ಯಾಶ್ ಹೊಡೆಯುವವರಿಗೆ ಬಾಲ್ ಎತ್ತಿ ಕೊಡುವವಳು, ಆಗಿರುತ್ತಿದ್ದೆ.

ಅಯ್ಯೋ, ನೀನು ಕೇಳಿದ್ದು ಹೆಸರು ಕೊಡಬಹುದಾ ಅಂತ ಅಲ್ವಾ. ಕೊಡಲಿ. ಹೊಸಬರ ವಿಭಾಗಕ್ಕೆ ಕೊಡಲಿ, ದೊಡ್ಡ ಆಟಗಾರರ ಜೊತೆ ಬೇಡ. ನೆಟ್ ಎಷ್ಟು ಎತ್ತರ ಕಟ್ಟುತ್ತಾರೆ ಅಂತ ಮೊದಲೇ ಕೇಳಲಿ. ಗಂಡಸರದು 2.43 ಮೀಟರ್, ಹೆಂಗಸರದು 2.24. ಮಿಶ್ರ ಆಟದಲ್ಲಿ ಒಂದೊಂದು ಲೀಗಿನವರು ಒಂದೊಂದು ಇಡುತ್ತಾರೆ. ನೆಟ್ಟಿನ ಕೆಳಗೆ ಆಚೆ ಕಾಲಿಟ್ಟರೆ ಏನು ಅಂತಲೂ ಕೇಳಲಿ. ಬೀಚ್ ಆಟದಲ್ಲಿ ಮಧ್ಯದ ಗೆರೆಯೇ ಇಲ್ಲ, ಎದುರಿನವರಿಗೆ ಅಡ್ಡಿ ಆಗದಿದ್ದರೆ ಕಾಲಿಡಬಹುದು. ಕಾಲ ಮೇಲೆ ಕಾಲು ಬಿದ್ದು ಹಿಮ್ಮಡಿ ಗಂಟು ಹೊರಳುವುದು ಅಲ್ಲೇ. ಆಚೆ ಕಾಲಿಡುವುದೇ ಬೇಡ ಅನ್ನುವ ಲೀಗ್ ಆದರೆ ಒಳ್ಳೆಯದು.

ಇನ್ನೊಂದು. ಅಂಗಳದಲ್ಲಿ ನಾನೇ ಅವಳಿಗೆ ಕಲಿಸಿದ್ದೆನಲ್ಲ, ಬೆರಳ ತುದಿಯಿಂದ ನೆಟ್ ದಾಟಿಸಿ ಮೆಲ್ಲಗೆ ಹಾಕುವುದು, ಅದು ಬೀಚ್ ಆಟದಲ್ಲಿ ತಪ್ಪು. ಬೆರಳು ಮಡಚಿ ಗೆಣ್ಣಿನಿಂದ ತಳ್ಳಬೇಕು. ಒಂದು ಕಡೆಯವರು ಬಾಲನ್ನು ಮೂರು ಸಲ ಮುಟ್ಟಬಹುದು, ಬ್ಲಾಕಿಗೆ ತಾಗಿದ್ದೂ ಆ ಮೂರರಲ್ಲಿ ಒಂದು ಅಂತ ಲೆಕ್ಕ, ಅದನ್ನು ಮರೆತು ನಾಲ್ಕನೇ ಸಲ ಮುಟ್ಟಿಬಿಡುತ್ತಾರೆ. ಗೇಮು 21ಕ್ಕೆ. ಗಾಳಿ ಬಿಸಿಲು ಒಬ್ಬರಿಗೇ ಲಾಭ ಆಗಬಾರದು ಅಂತ ಏಳು ಪಾಯಿಂಟಿಗೊಮ್ಮೆ ಜಾಗ ಬದಲಾಯಿಸುತ್ತಾರೆ. ಆಗ ಒಂದು ಗುಟುಕು ನೀರು ಕುಡಿಯಲಿ. ಮಧ್ಯಾಹ್ನದ ಮರಳು ಅಂಗಾಲು ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಲಿ.

ಉಂಗುರವನ್ನು ಬ್ಯಾಗಿನಲ್ಲಿ ಬೀಚಿಗೆ ಒಯ್ಯುವುದೂ ಬೇಡ, ಮರಳಲ್ಲಿ ಬಿದ್ದರೆ ಸಿಗುವುದಿಲ್ಲ. ಮನೆಯಲ್ಲೇ ಇಟ್ಟು ಹೋಗಲಿ. ಅಲ್ಲಿಯ ಶುಕ್ರವಾರ ರಾತ್ರಿ ಅಂದರೆ ನಮಗೆ ಶನಿವಾರ ಮಧ್ಯಾಹ್ನ, ಇನ್ನೂ ಟೈಮ್ ಇದೆ. ಇವತ್ತು ರಾತ್ರಿ ಅವಳು ಎದ್ದ ಮೇಲೆ ಫೋನ್ ಮಾಡು, ನನ್ನನ್ನೂ ಸೇರಿಸಿಕೋ.