ಗಂಡು ಬೆಕ್ಕು ಅಡಿಕೆ ಗೋಣಿಗೆ ಮೂತ್ರ ಹಾರಿಸುತ್ತಿದೆ, ಬಿಡಿಸುವುದು ಹೇಗೆ?

ಅಡಿಕೆಮನೆ, ಬದಿಯಡ್ಕ:
ನಮ್ಮ ಗಂಡು ಬೆಕ್ಕಿಗೆ ವರ್ಷ ತುಂಬುತ್ತಾ ಬಂತು. ಇದುವರೆಗೆ ತೋಟದ ಮಣ್ಣು ಕೆದಕಿ ಅಲ್ಲೇ ಮುಗಿಸಿ ಬರುತ್ತಿತ್ತು. ಈಗ ಚಾವಡಿಯ ದಾರಂದಕ್ಕೂ ಅಟ್ಟದಲ್ಲಿ ಪೇರಿಸಿಟ್ಟ ಅಡಿಕೆ ಗೋಣಿಗಳಿಗೂ ಮೂತ್ರ ಹಾರಿಸುತ್ತಿದೆ. ಅಡಿಕೆಗೆ ವಾಸನೆ ಹಿಡಿದರೆ ವ್ಯಾಪಾರಿ ದರ ಇಳಿಸದೆ ಬಿಡುವುದಿಲ್ಲ. ಅತ್ತೆ ದಿನವೂ ಫಿನೈಲ್ ಹಾಕಿ ಒರೆಸುತ್ತಾರೆ, ಮಾವ ಹಿಡಿಸೂಡಿ ಹಿಡಿದು ಅಟ್ಟಿಸುತ್ತಾರೆ. ಬೆಕ್ಕು ಕ್ಯಾರೇ ಎನ್ನುವುದಿಲ್ಲ. ಇಲಿ ಹಿಡಿಯುವುದರಲ್ಲಿ ಎತ್ತಿದ ಕೈ, ಹಾಗಾಗಿ ದೂರ ಬಿಟ್ಟು ಬರಲು ಮನಸ್ಸಿಲ್ಲ.

ಹಟ್ಟಿಯವ, ಮುಳ್ಳೇರಿಯ:
ಅಕ್ಕಾ, ಒಂದು ವಿಷಯ ನೋಡಿ ಹೇಳಿ. ಕುಳಿತು ಹೊಯ್ಯುತ್ತದೆಯೇ, ಗೋಣಿಗೆ ಬೆನ್ನು ಮಾಡಿ ನಿಂತೇ?

ಅಡಿಕೆಮನೆ, ಬದಿಯಡ್ಕ:
ನಿಂತೇ. ಬಾಲ ನೆಟ್ಟಗೆ ಎತ್ತುತ್ತದೆ, ತುದಿ ನಡುಗುತ್ತದೆ, ಹಿಂಗಾಲುಗಳಲ್ಲಿ ನಿಂತಲ್ಲೇ ತುಳಿಯುತ್ತದೆ. ನೆಲದಿಂದ ಒಂದು ಗೇಣು ಮೇಲೆ ಗೋಣಿ ಒದ್ದೆ. ಈಚೆಗೆ ಬೇರೆ ಯಾವುದೋ ಗಂಡು ಬೆಕ್ಕು ರಾತ್ರಿ ಅಂಗಳಕ್ಕೆ ಬಂದು ಕೂಗುವುದೂ ಇದೆ.

ಹಟ್ಟಿಯವ, ಮುಳ್ಳೇರಿಯ:
ಹಾಗಾದರೆ ಇದು ಹೊಲಸು ಬುದ್ಧಿಯಲ್ಲ, ಗಡಿ ಗುರುತು. ಕಾಸರಗೋಡಿನವರಿಗೆ ಗಡಿ ತಕರಾರು ಬಿಡಿಸಿ ಹೇಳಬೇಕೇ! ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕುಗಳಲ್ಲಿ ಈ ಚಾಳಿ ನಿಲ್ಲುತ್ತದೆ ಅಥವಾ ಬಹಳ ಇಳಿಯುತ್ತದೆ. ಮರುದಿನವೇ ಅಲ್ಲ, ಹಾರ್ಮೋನು ಇಳಿಯಲು ಕೆಲವು ವಾರ ಬೇಕು. 5-6 ತಿಂಗಳಲ್ಲೇ ಮಾಡಿಸಿದರೆ ಹೆಚ್ಚಿನ ಬೆಕ್ಕುಗಳು ಇದನ್ನು ಶುರುವೇ ಮಾಡುವುದಿಲ್ಲ.

ಹಿಡಿಸೂಡಿ ಮೂಲೆಗಿಡಲು ಮಾವನವರಿಗೆ ಹೇಳಿ. ಹೆದರಿದ ಬೆಕ್ಕು ಇನ್ನಷ್ಟು ಗುರುತು ಹಾಕುತ್ತದೆ. ಫಿನೈಲ್ ಅಂತೂ ಬೇಡವೇ ಬೇಡ. ಅದರಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಅರಗಿಸಲಾರದು, ಮೆಟ್ಟಿದ ಪಾದವನ್ನು ನೆಕ್ಕಿದರೆ ವಿಷ. ಬ್ಲೀಚಿಂಗ್ ಪುಡಿಯೂ ಬೇಡ, ಮೂತ್ರದ ಅಮೋನಿಯಾ ಸೇರಿದರೆ ಕೆಟ್ಟ ಅನಿಲ ಏಳುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಕಿಣ್ವ ಇರುವ ದ್ರಾವಣ ಸಿಗುತ್ತದೆ. ಅದನ್ನು ದಾರಂದಕ್ಕೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ನೆನೆದ ಗೋಣಿಯನ್ನು ತೊಳೆಯುತ್ತಾ ಕೂರಬೇಡಿ, ಅಡಿಕೆ ಬೇರೆ ಗೋಣಿಗೆ ತುಂಬಿ ಅದನ್ನು ಎಸೆದುಬಿಡಿ. ಮಳೆಗಾಲದ ತೇವಕ್ಕೆ ಹಳೆಯ ವಾಸನೆ ಮತ್ತೆ ಏಳುತ್ತದೆ, ಬೆಕ್ಕು ಅದರ ಮೇಲೆಯೇ ಹೊಸದಾಗಿ ಹಾರಿಸುತ್ತದೆ.

ಕಡಲಕರೆ, ಉಪ್ಪಳ:
ಹಟ್ಟಿಯವರು ಹೇಳಿದ್ದು ಸರಿ. ದಾರಂದದ ಬುಡದಲ್ಲೇ ಊಟದ ಬಟ್ಟಲು ಇಟ್ಟು ನೋಡಿ, ಉಣ್ಣುವ ಜಾಗದಲ್ಲಿ ಬೆಕ್ಕು ಸಾಮಾನ್ಯವಾಗಿ ಹಾರಿಸುವುದಿಲ್ಲ. ಹೊರಗಿನ ಬೆಕ್ಕು ಬರುವುದು ತಪ್ಪಬೇಕಾದರೆ ಮೀನಿನ ಮುಳ್ಳು, ಎಂಜಲು ಅಂಗಳಕ್ಕೆ ಎಸೆಯಬಾರದು.

ಇದೇ ತೊಂದರೆ ಇರುವ ಬೇರೆಯವರಿಗೂ ಒಂದು ಮಾತು: ಬೆಕ್ಕು ಪದೇಪದೇ ಕುಳಿತು, ತಿಣುಕಿ, ಹನಿ ಮಾತ್ರ ಬರುತ್ತಿದ್ದರೆ ಅದು ಗಡಿ ಗುರುತಲ್ಲ. ಗಂಡು ಬೆಕ್ಕಿನ ಮೂತ್ರನಾಳ ಕಿರಿದು, ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ಅಂದೇ ವೈದ್ಯರ ಬಳಿಗೆ ಒಯ್ಯಿರಿ.

ಅಡಿಕೆಮನೆ, ಬದಿಯಡ್ಕ:
ಶಸ್ತ್ರಚಿಕಿತ್ಸೆಗೆ ಮಾವ ಒಪ್ಪಿದರು. ಅತ್ತೆಗೆ ಒಂದೇ ಚಿಂತೆ: ಇಲಿ ಹಿಡಿಯುವುದನ್ನು ಬಿಟ್ಟೀತೇ?

ಹಟ್ಟಿಯವ, ಮುಳ್ಳೇರಿಯ:
ಬಿಡುವುದಿಲ್ಲ, ಬೇಟೆಯ ಬುದ್ಧಿ ಬೇರೆ. ಆದರೆ ಮೈ ಬರುತ್ತದೆ, ಆಮೇಲೆ ಊಟ ಸ್ವಲ್ಪ ಕಡಿಮೆ ಮಾಡಿ. ಮೃಗಾಸ್ಪತ್ರೆಗೆ ಮೊದಲೇ ಫೋನ್ ಮಾಡಿ, ಬೆಕ್ಕಿಗೆ ಮಾಡುತ್ತಾರೆಯೇ, ಹಿಂದಿನ ರಾತ್ರಿ ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂದು ಕೇಳಿಕೊಳ್ಳಿ. ಗೋಣಿಯಲ್ಲಿ ಕಟ್ಟಿ ಒಯ್ಯಬೇಡಿ, ಮುಚ್ಚಳ ಇರುವ ಬುಟ್ಟಿ ಸಾಕು.