ಖೇಲ್ ರತ್ನ ಒಂದು ವರ್ಷದ ಸಾಧನೆಗೆ ಸಿಗುವ ಪ್ರಶಸ್ತಿಯೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಕೇಂದ್ರ ಸರ್ಕಾರದ ಖೇಲ್ ರತ್ನ ವರ್ಷದ ಅತ್ಯುತ್ತಮ ಕ್ರೀಡಾಪಟುವಿಗೆ ಸಲ್ಲುವ ಪ್ರಶಸ್ತಿಯಾದರೆ, 2021ರಲ್ಲಿ ಅದು 12 ಮಂದಿಗೆ ಸಿಕ್ಕಿದ್ದು ಹೇಗೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. 2015ರಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರು ಇದೇ ಪ್ರಶಸ್ತಿಯ ವಿಷಯವಾಗಿ ಹೈಕೋರ್ಟಿಗೆ ಹೋದದ್ದೇಕೆ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ (ನಿವೃತ್ತ ಕ್ರೀಡಾ ಅಧಿಕಾರಿ): ನಮಸ್ಕಾರ ಮೇಷ್ಟ್ರೇ. 1991–92ರಲ್ಲಿ ಆರಂಭವಾಗಿ, ಮೊದಲ ಬಾರಿಗೆ ಚೆಸ್ ಆಟಗಾರ ವಿಶ್ವನಾಥನ್ ಆನಂದ್ ಅವರಿಗೆ ಸಂದ ಈ ಪ್ರಶಸ್ತಿ ಮೂಲದಲ್ಲಿ ಒಂದು ವರ್ಷದ ಸಾಧನೆಗೇ ಮೀಸಲಾಗಿತ್ತು. 2015ರಲ್ಲಿ ನಿಯಮ ಬದಲಾಗಿ, ಹಿಂದಿನ ನಾಲ್ಕು ವರ್ಷಗಳ ಸಾಧನೆಯನ್ನು ಪರಿಗಣಿಸುವ ಪದ್ಧತಿ ಬಂದಿತು. ಒಲಿಂಪಿಕ್ಸ್ ನಡೆದ ವರ್ಷಗಳಲ್ಲಿ ಪಟ್ಟಿ ಉದ್ದವಾಗುವುದು ಸಾಮಾನ್ಯ: ರಿಯೊ ನಂತರ ನಾಲ್ವರಿಗೆ, ಟೋಕಿಯೊ ಒಲಿಂಪಿಕ್ಸ್ ಹಾಗೂ ಪ್ಯಾರಾಲಿಂಪಿಕ್ಸ್ ನಂತರ 12 ಮಂದಿಗೆ.

ಗಿರೀಶ ಅವರ ಪ್ರಕರಣ ನಮ್ಮವರೆಲ್ಲ ತಿಳಿದಿರಬೇಕಾದದ್ದು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಜಿಗಿದು ಬೆಳ್ಳಿ ಗೆದ್ದಿದ್ದ ಅವರು, ಪದಕಗಳಿಗೆ ನಿಗದಿಯಾದ ಅಂಕಗಳ ಲೆಕ್ಕದಲ್ಲಿ ತಾವು ಮುಂದಿದ್ದರೂ ಪ್ರಶಸ್ತಿಯನ್ನು ಸಾನಿಯಾ ಮಿರ್ಜಾ ಅವರಿಗೆ ಘೋಷಿಸಲಾಗಿದೆ ಎಂದು ವಾದಿಸಿದರು. ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳ ಪದಕಗಳಿಗೆ ಅಂಕವಿದ್ದರೂ ಟೆನಿಸ್‌ನ ಗ್ರ್ಯಾಂಡ್ ಸ್ಲಾಮ್‌ಗೆ ಇರಲಿಲ್ಲ. ಆ ವರ್ಷ ಮಾರ್ಟಿನಾ ಹಿಂಗಿಸ್ ಜೊತೆಗೂಡಿ ವಿಂಬಲ್ಡನ್ ಡಬಲ್ಸ್ ಗೆದ್ದ ಸಾನಿಯಾ ಅವರ ಸಾಧನೆ ದೊಡ್ಡದೇ. ಆದರೆ ಲೆಕ್ಕಕ್ಕೆ ನಿಯಮವೊಂದನ್ನು ಬರೆದಿಟ್ಟ ಮೇಲೆ, ಅದನ್ನು ಬದಿಗಿರಿಸುವಾಗ ಕಾರಣವನ್ನೂ ಬರೆದು ತಿಳಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಪ್ರಶಸ್ತಿಯನ್ನು ಆಗಸ್ಟ್ 29ರಂದು ಸಾನಿಯಾ ಅವರಿಗೇ ಪ್ರದಾನ ಮಾಡಲಾಯಿತು.

ಪ್ರಶ್ನೆ: ಧನ್ಯವಾದ ಸರ್. ಹಾಗಾದರೆ ಅಂಕಪಟ್ಟಿಯಲ್ಲಿ ಜಾಗವಿಲ್ಲದ ಆಟದವರ ಪಾಡೇನು? ಅರ್ಜಿಯನ್ನು ಆಟಗಾರರೇ ಹಾಕಬೇಕೇ?

ಉತ್ತರ: ಅಂಥವರ ಹೆಸರನ್ನು ಆಯ್ಕೆ ಸಮಿತಿ ತನ್ನ ವಿವೇಚನೆಯಿಂದ ಪರಿಗಣಿಸಬಹುದು. ಕ್ರಿಕೆಟ್‌ನ ಮಿಥಾಲಿ ರಾಜ್, ಫುಟ್‌ಬಾಲ್‌ನ ಸುನಿಲ್ ಛೆಟ್ರಿ ಅವರು 2021ರ ಪಟ್ಟಿಯಲ್ಲಿದ್ದರು. ತಮ್ಮ ಕ್ರೀಡೆಯ ರಾಷ್ಟ್ರೀಯ ಒಕ್ಕೂಟದ ಶಿಫಾರಸಿಗೆ ಕಾಯದೆ ಆಟಗಾರರು ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸುವ ಅವಕಾಶವೂ ಈಗಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ ಶೂಟರ್ ಮನು ಭಾಕರ್ ಅವರ ಹೆಸರು ಮೊದಲು ಕೇಳಿಬಂದ ಪಟ್ಟಿಯಲ್ಲಿ ಇರಲಿಲ್ಲ. ವಿವಾದವೆದ್ದು, ಕೊನೆಗೆ 2025ರ ಜನವರಿಯಲ್ಲಿ ಅವರಿಗೆ ಪ್ರಶಸ್ತಿ ಸಂದಿತು. ನಿಮ್ಮ ವಿದ್ಯಾರ್ಥಿನಿ ಮುಂದೆ ರಾಷ್ಟ್ರಮಟ್ಟದಲ್ಲಿ ಮಿಂಚಿದರೆ ಮೊದಲು ಎದುರಾಗುವುದು ನಮ್ಮ ರಾಜ್ಯ ಸರ್ಕಾರದ ಏಕಲವ್ಯ ಪ್ರಶಸ್ತಿ. ಆದ್ದರಿಂದ ಪ್ರತಿ ಕೂಟದ ಪ್ರಮಾಣಪತ್ರವನ್ನೂ ದಿನಾಂಕದ ಕ್ರಮದಲ್ಲಿ ಈಗಿನಿಂದಲೇ ಒಂದು ಕಡತದಲ್ಲಿ ಜೋಡಿಸಿಡಲು ಹೇಳಿ.